ಮೂವತ್ತು ಕರಡಿ, ಇಪ್ಪತ್ತೊಂದು ದಿನ: ಒಂದು ಕ್ರೋಶೆ ಆರ್ಡರಿನ ಪ್ರಕರಣ

ಸೀರೆಗೆ ಕ್ರೋಶೆ ಕುಚ್ಚು ಹಾಕಿ ಕೈ ಪಳಗಿಸಿಕೊಂಡ ಒಬ್ಬ ಮಹಿಳೆ. ಬಿಡುವಿನಲ್ಲಿ ಉಲ್ಲನ್ ಕರಡಿ ಹೆಣೆಯುತ್ತಾರೆ. ಪರಿಚಯದವರು ಕೇಳಿದಾಗ ಒಂದೊಂದು ಮಾಡಿ 350 ರೂಪಾಯಿಗೋ 400ಕ್ಕೋ ಕೊಟ್ಟಿದ್ದಾರೆ. ಈಗ ದೊಡ್ಡ ಆರ್ಡರ್ ಬಂದಿದೆ. ಮಗುವಿನ ಮೊದಲ ಹುಟ್ಟುಹಬ್ಬ, ಬಂದ ಮಕ್ಕಳಿಗೆ ಕೊಡಲು 30 ಕರಡಿ ಬೇಕು, ಎಲ್ಲವೂ ಒಂದೇ ಬಣ್ಣ, ಒಂದೇ ಅಳತೆ, 21 ದಿನದಲ್ಲಿ. ‘ಮೂವತ್ತು ತಗೋತೀವಲ್ಲ, 250ರಂತೆ ಹಾಕಿ’ ಎಂಬ ಬೇಡಿಕೆ. ಹೂಂ ಅನ್ನಬೇಕೋ ಬೇಡವೋ?

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಹವ್ಯಾಸ ದುಡಿಮೆಯಾಗಿ ತಿರುಗುವ ಹೊತ್ತಿಗೆ ಹೆಣೆಯುವವರಿಗೆ ಮತ್ತೆ ಮತ್ತೆ ಎದುರಾಗುವ ಪರಿಸ್ಥಿತಿಯನ್ನು ಒಂದೇ ಆರ್ಡರಿಗೆ ಇಳಿಸಿ ಇಲ್ಲಿ ಬಿಡಿಸಿದೆ. ದರಗಳು ಲೆಕ್ಕಕ್ಕೆ ಹಿಡಿದವು. ನಿಮ್ಮೂರಿನ ದರ ಹಾಕಿಕೊಂಡು ಇದೇ ದಾರಿಯಲ್ಲಿ ಲೆಕ್ಕ ಮಾಡಬಹುದು. ಸ್ಟಿಚ್‌ಗಳ ಸಂಖ್ಯೆ ಮಾತ್ರ ಊರಿಂದೂರಿಗೆ ಬದಲಾಗುವುದಿಲ್ಲ.

ಕುಚ್ಚಿನ ಕೆಲಸದಲ್ಲಿ ಒಂದು ಅನುಕೂಲವಿದೆ. ಯಾವ ಡಿಸೈನಿಗೆ ಎಷ್ಟು ಎಂಬುದು ಬೀದಿಗೆಲ್ಲ ಗೊತ್ತು, ಮಣಿ ಜಾಸ್ತಿಯಾದರೆ ದರವೂ ಜಾಸ್ತಿ. ಕರಡಿಗೆ ಅಂಥ ಒಪ್ಪಿತ ದರವಿಲ್ಲ. ಗಿರಾಕಿಯ ಮನಸ್ಸಿನಲ್ಲಿರುವುದು ಯಂತ್ರದಲ್ಲಿ ಹೊಲಿದ ಪ್ಲಶ್ ಗೊಂಬೆಯ ಬೆಲೆ. ಹೆಣೆಯುವವರ ಮನಸ್ಸಿನಲ್ಲಿರುವುದು ಉಲ್ಲನ್‌ಗೆ ಕೊಟ್ಟ ದುಡ್ಡು. ಎರಡೂ ಈ ವಸ್ತುವಿನ ನಿಜವಾದ ಬೆಲೆಯಲ್ಲ. ಬೆಲೆ ಇರುವುದು ನಿಮಿಷಗಳಲ್ಲಿ, ಅದರಲ್ಲೂ ಯಾರೂ ಎಣಿಸದ ನಿಮಿಷಗಳಲ್ಲಿ.

ಈಗಿರುವ ಕರಡಿಯ ಲೆಕ್ಕ

ಇವರು ಹೆಣೆಯುತ್ತಿರುವುದು ಎಲ್ಲೆಡೆ ಕಾಣುವ ಸಾಮಾನ್ಯ ಮಾದರಿ. 8 ಪ್ಲೈ ಅಕ್ರಿಲಿಕ್ ನೂಲು, 2.5 ಮಿ.ಮೀ. ಹುಕ್, ಸುರುಳಿಯಾಗಿ ಸುತ್ತುವ ಸಿಂಗಲ್ ಕ್ರೋಶೆ, ಅಂದರೆ ಕ್ರೋಶೆಯ ಮೂಲ ಸ್ಟಿಚ್. ಸುತ್ತಿನ ಕೊನೆಯಲ್ಲಿ ಸ್ಲಿಪ್ ಸ್ಟಿಚ್ ಹಾಕಿ ಮುಚ್ಚುವುದಿಲ್ಲ. ಸುತ್ತಿನ ಆರಂಭಕ್ಕೆ ಮಾರ್ಕರ್ (ಗುರುತಿನ ಪಿನ್ನು ಅಥವಾ ನೂಲು) ಇಟ್ಟು ಎಣಿಸುತ್ತಾ ಹೋಗುವುದು. ಹೀಗೆ ಹೆಣೆದಾಗ ಒಂದು ಸ್ಟಿಚ್ ಸುಮಾರು 4.5 ಮಿ.ಮೀ. ಅಗಲ ಬರುತ್ತದೆ. ಭಾಗಗಳು ಇವು:

ತಲೆ: ಮ್ಯಾಜಿಕ್ ರಿಂಗ್‌ನಲ್ಲಿ (ಎಳೆದು ಬಿಗಿಯುವ ನೂಲಿನ ಕುಣಿಕೆ) 6 ಸ್ಟಿಚ್, ಪ್ರತಿ ಸುತ್ತಿಗೆ 6 ಹೆಚ್ಚಿಸುತ್ತಾ 7ನೇ ಸುತ್ತಿಗೆ 42. ಏಳು ಸುತ್ತು 42ರಲ್ಲೇ. ಆಮೇಲೆ 36, 30, 24, 18. ಒಟ್ಟು 570 ಸ್ಟಿಚ್.

ಮೈ: 6ರಿಂದ 36ರವರೆಗೆ ಆರು ಸುತ್ತು, 36ರಲ್ಲಿ ಏಳು ಸುತ್ತು, 30ರಲ್ಲಿ ಮೂರು, 24ರಲ್ಲಿ ಮೂರು, ಕೊನೆಗೆ 18. ಒಟ್ಟು 558.

ಕೈ ಎರಡು: 6, 12, 12ರಲ್ಲಿ ಮೂರು ಸುತ್ತು, ಎರಡು ಕಡಿಮೆ ಮಾಡಿ 10, ಮತ್ತೆ 10ರಲ್ಲಿ ಹತ್ತು ಸುತ್ತು. ಒಂದಕ್ಕೆ 164, ಎರಡಕ್ಕೆ 328.

ಕಾಲು ಎರಡು: 6, 12, 18, 18ರಲ್ಲಿ ಮೂರು ಸುತ್ತು, ಪಾದದ ಮುಂಭಾಗದಲ್ಲಿ ಸಾಲಾಗಿ ಆರು ಡಿಕ್ರೀಸ್ (ಎರಡು ಸ್ಟಿಚ್ ಸೇರಿಸಿ ಒಂದು ಮಾಡುವುದು) ಹಾಕಿ ಉಳಿದ ಆರು ಹಾಗೇ, ಅಂದರೆ 12, ಅದರಲ್ಲಿ ಇನ್ನೂ ಎಂಟು ಸುತ್ತು. ಒಂದಕ್ಕೆ 198, ಎರಡಕ್ಕೆ 396.

ಕಿವಿ ಎರಡಕ್ಕೂ ಸೇರಿ 132, ಮೂತಿ 72, ಬಾಲ 30.

ಒಟ್ಟು 2,086 ಸ್ಟಿಚ್. ಎಣಿಕೆ ತಪ್ಪದಂತೆ ನಿಮಿಷಕ್ಕೆ 18ರಂತೆ ಹೆಣೆದರೆ 116 ನಿಮಿಷ. ‘ಎರಡು ಗಂಟೆಯಲ್ಲಿ ಒಂದು ಕರಡಿ ಆಗುತ್ತೆ’ ಎಂದು ಅನೇಕರು ಹೇಳುವುದು ಇದನ್ನೇ. ಆದರೆ ಎರಡು ಗಂಟೆ ಕಳೆದಾಗ ಮಡಿಲಲ್ಲಿರುವುದು ಹತ್ತು ಬಿಡಿ ತುಂಡುಗಳೇ ಹೊರತು ಕರಡಿಯಲ್ಲ. ಫೈಬರ್ ತುಂಬಲು 20 ನಿಮಿಷ. ತುಂಡುಗಳನ್ನು ಪಿನ್ ಚುಚ್ಚಿ, ದೂರ ಹಿಡಿದು ನೋಡಿ, ಬಿಚ್ಚಿ, ಮತ್ತೆ ಚುಚ್ಚಿ ಹೊಲಿಯಲು 70. ಮುಖಕ್ಕೆ 25. ಬಾಲದಂತೆ ನೇತಾಡುವ ನೂಲಿನ ತುದಿಗಳನ್ನು ಒಳಗೆಳೆದು ಪರೀಕ್ಷಿಸಲು 15. ಪ್ಯಾಕಿಂಗ್‌ಗೆ 10. ಕೂಡಿದರೆ 256 ನಿಮಿಷ, ಅಂದರೆ ನಾಲ್ಕೂಕಾಲು ಗಂಟೆಗೂ ಸ್ವಲ್ಪ ಮೇಲೆ. ಹುಕ್ ಹಿಡಿದ ಸಮಯ ಅದರ ಅರ್ಧಕ್ಕಿಂತ ಕಡಿಮೆ.

ಸಾಮಗ್ರಿ: ನೂಲು ಎಲ್ಲ ಬಣ್ಣ ಸೇರಿ 33 ಗ್ರಾಂ, 100 ಗ್ರಾಂಗೆ 100 ರೂ. ಎಂದರೆ 33 ರೂ. ಪಾಲಿಯೆಸ್ಟರ್ ಫೈಬರ್ 20 ಗ್ರಾಂ, ಕಿಲೋಗೆ 250ರಂತೆ 5 ರೂ. ಪ್ಲಾಸ್ಟಿಕ್ ಕಣ್ಣು ಒಂದು ಜೊತೆ 5. ಲೇಬಲ್, ಟ್ಯಾಗ್ 8. ಡಬ್ಬಿ 20. ಒಟ್ಟು 71. ಬೆಲೆ 250 ಆದರೆ ಕೈಗೆ ಉಳಿಯುವುದು 179 ರೂಪಾಯಿ. ಅದನ್ನು 4.27 ಗಂಟೆಗೆ ಹಂಚಿದರೆ ಗಂಟೆಗೆ 42.

ದುಡ್ಡಿಗಿಂತ ದೊಡ್ಡ ತೊಡಕು ಸಮಯದ್ದು. 30 ಕರಡಿಗೆ 128 ಗಂಟೆ ಬೇಕು. 21 ದಿನದಲ್ಲಿ ಮೂರು ಭಾನುವಾರ ಬಿಟ್ಟು, ಮನೆಗೆಲಸದ ನಡುವೆ ದಿನಕ್ಕೆ ನಾಲ್ಕೂವರೆ ಗಂಟೆ ಸಿಕ್ಕಿತು ಎನ್ನೋಣ. ಅದು 81 ಗಂಟೆ. ಅಂದರೆ ಈ ಮಾದರಿಯಲ್ಲಿ, ಒಬ್ಬರೇ, ಈ ಆರ್ಡರ್ ಮುಗಿಸಲು ಆಗುವುದೇ ಇಲ್ಲ. ಹೂಂ ಎಂದು ಒಪ್ಪಿಕೊಂಡವರು ಕೊನೆಯ ವಾರ ರಾತ್ರಿ ಎರಡರವರೆಗೆ ಕೂತು, ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು, ಕಡೆಯ ಎಂಟು-ಹತ್ತು ಕರಡಿಗಳಿಗೆ ವಕ್ರ ಮೂತಿ ಹೊಲಿದು ಕೊಡುವುದು ಇದರಿಂದಲೇ.

ಸುಲಭವಾಗಿ ತೋಚುವ ದಾರಿ, ಮತ್ತು ಅದು ಕೆಡುವ ಬಗೆ

ಪಕ್ಕದ ಮನೆಯ ಇಬ್ಬರು ಹೆಣೆಯಬಲ್ಲರು, ತಲಾ ಹತ್ತು ಕರಡಿ ಕೊಟ್ಟರಾಯಿತಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಹಾಗೆ ಮಾಡಿದರೆ ಬರುವುದು ಮೂರು ಗಾತ್ರದ ಕರಡಿಗಳು. ಒಂದೇ ನೂಲು, ಒಂದೇ ನಂಬರಿನ ಹುಕ್, ಒಂದೇ ಪ್ಯಾಟರ್ನ್ ಇದ್ದರೂ ಕೈಬಿಗಿ ಒಬ್ಬೊಬ್ಬರದು ಒಂದೊಂದು. ಉದ್ದಗಲದಲ್ಲಿ ಬರೀ 5% ವ್ಯತ್ಯಾಸ ಬಂದರೆ ಗಾತ್ರದಲ್ಲಿ ಸುಮಾರು 16% ಏರುತ್ತದೆ. 10% ಬಂದರೆ 33%. ಮೇಜಿನ ಮೇಲೆ ಸಾಲಾಗಿ ಕೂರಿಸಿದಾಗ ಅಣ್ಣ-ತಮ್ಮಂದಿರಂತೆ ಕಾಣುತ್ತವೆ. ಸಡಿಲ ಕೈಯವರ ಕರಡಿಯಲ್ಲಿ ಸ್ಟಿಚ್‌ಗಳ ಸಂದಿಯಿಂದ ಬಿಳಿ ಫೈಬರ್ ಇಣುಕುತ್ತದೆ. ಕಂದು ಕರಡಿಯಲ್ಲಿ ಅದು ಎದ್ದು ಕಾಣುತ್ತದೆ.

ಇದರ ಮೇಲೆ ಇನ್ನೊಂದು ಗುಪ್ತ ವ್ಯತ್ಯಾಸವಿದೆ. ಹುಕ್ ಒಳಗೆ ಹಾಕಿ ನೂಲನ್ನು ಮೇಲಿನಿಂದ ಸುತ್ತಿ ಎಳೆದರೆ ಸ್ಟಿಚ್ ‘ವಿ’ ಆಕಾರದಲ್ಲಿ ಬರುತ್ತದೆ. ಹುಕ್ಕನ್ನೇ ನೂಲಿನ ಮೇಲೆ ಒತ್ತಿ ಎಳೆದರೆ ‘ಎಕ್ಸ್’ ಆಕಾರ. ಎಕ್ಸ್ ಬಗೆಯದು ಬಿಗಿ, ಕಿರಿದು, ಓರೆಯೂ ಕಡಿಮೆ. ಯಾರು ಯಾವುದನ್ನು ಮಾಡುತ್ತಾರೆಂದು ಅವರಿಗೇ ಗೊತ್ತಿರುವುದಿಲ್ಲ. ವಿಡಿಯೊ ನೋಡಿ ಕಲಿತವರಲ್ಲಿ ಅಮೆರಿಕನ್-ಬ್ರಿಟಿಷ್ ಹೆಸರುಗಳ ಗೊಂದಲವೂ ಇದೆ: ಬ್ರಿಟಿಷರು ಡಬಲ್ ಕ್ರೋಶೆ ಎನ್ನುವುದು ಅಮೆರಿಕನ್ನರ ಸಿಂಗಲ್ ಕ್ರೋಶೆ. ಬ್ರಿಟಿಷ್ ಪ್ಯಾಟರ್ನ್ ಕೊಟ್ಟು, ಹೆಣೆಯುವವರು ಅಮೆರಿಕನ್ ಡಬಲ್ ಹಾಕಿದರೆ ತಲೆ ಉದ್ದುದ್ದವಾಗಿ, ಜಾಲರಿಯಾಗಿ ಬರುತ್ತದೆ.

ಹಾಗಾಗಿ ಕೆಲಸ ಹಂಚಬೇಕಾದದ್ದು ಕರಡಿಯ ಲೆಕ್ಕದಲ್ಲಲ್ಲ, ಭಾಗಗಳ ಲೆಕ್ಕದಲ್ಲಿ. ಎಲ್ಲ ಮೈ-ತಲೆ ಒಬ್ಬರದೇ ಕೈ. ಎಲ್ಲ ಕೈ, ಕಾಲು, ಕಿವಿ ಇನ್ನೊಬ್ಬರದೇ ಕೈ. ಕಾಲು ಒಂದೆರಡು ಮಿಲಿಮೀಟರ್ ಹೆಚ್ಚುಕಮ್ಮಿ ಆದರೂ 30 ಕರಡಿಗಳಿಗೂ ಅದೇ ಹೆಚ್ಚುಕಮ್ಮಿ, ಯಾರಿಗೂ ತಿಳಿಯದು. ಅದಕ್ಕೂ ಮೊದಲು ಕರಡಿಯ ರಚನೆಯನ್ನೇ ಬದಲಿಸಬೇಕು. ಏಕೆಂದರೆ ಹೊಲಿಗೆಯ 70 ನಿಮಿಷ ಹಾಗೇ ಉಳಿದರೆ ಎಷ್ಟು ಹಂಚಿದರೂ ಗೆಲ್ಲಲಾಗದು.

ಹೊಲಿಗೆ ತೆಗೆದ ಕರಡಿ

ಹೊಸ ರಚನೆಯಲ್ಲಿ ಮೈ ಮತ್ತು ತಲೆ ಒಂದೇ ತುಂಡು, ಬುಡದಿಂದ ನೆತ್ತಿಯವರೆಗೆ. ಕೈ, ಕಾಲು, ಕಿವಿಗಳನ್ನು ಮೊದಲೇ ಹೆಣೆದಿಟ್ಟುಕೊಂಡು, ಮೈ ಹೆಣೆಯುವಾಗಲೇ ಆಯಾ ಸುತ್ತಿನಲ್ಲಿ ಸೇರಿಸಿಕೊಳ್ಳುವುದು. ಬಾಲ ಬಿಟ್ಟೆವು, ಕೂತ ಕರಡಿಗೆ ಬಾಲವಿದ್ದರೆ ಹಿಂದಕ್ಕೆ ವಾಲದಂತೆ ತಡೆಯುತ್ತದೆ ಎನ್ನುವವರಿದ್ದಾರೆ, ಆದರೆ ಬುಡ ಚಪ್ಪಟೆಯಾಗಿದ್ದು ಕಾಲು ಮುಂದಿದ್ದರೆ ಅದು ಬೇಕಿಲ್ಲ.

ಸುತ್ತು 1ರಿಂದ 6: 6ರಿಂದ 36ಕ್ಕೆ. ಇಲ್ಲಿಗೆ ನಿಲ್ಲಿಸಿ ಚಪ್ಪಟೆ ವೃತ್ತವನ್ನು ಅಳೆಯಬೇಕು. ಅಡ್ಡಳತೆ 5 ಸೆಂ.ಮೀ. ಆಸುಪಾಸು ಇರಬೇಕು. 5.3 ದಾಟಿದರೆ ಬಿಚ್ಚಿ ಹುಕ್ ಬದಲಿಸುವುದು ಒಳ್ಳೆಯದು. ಆರು ಸುತ್ತು ಬಿಚ್ಚಿದರೆ ಹೋಗುವುದು ಏಳು ನಿಮಿಷ ಮಾತ್ರ.

ಸುತ್ತು 7: ಕಾಲು ಸೇರಿಸುವ ಸುತ್ತು. ಕಾಲಿನ ಬಾಯನ್ನು ಚಪ್ಪಟೆ ಒತ್ತಿದರೆ 12 ಸ್ಟಿಚ್ 6 ಜೋಡಿಯಾಗುತ್ತದೆ. ಜೋಡಿಯ ಎರಡೂ ಪದರ ಮತ್ತು ಮೈಯ ಸ್ಟಿಚ್ ಮೂರನ್ನೂ ಹಿಡಿದು ಒಂದು ಸಿಂಗಲ್ ಕ್ರೋಶೆ. ಮೊದಲ ಕಾಲಿಗೆ 6, ನಡುವೆ 3, ಎರಡನೇ ಕಾಲಿಗೆ 6, ಹಿಂಭಾಗಕ್ಕೆ 21. ಒಟ್ಟು 36.

ಸುತ್ತು 8ರಿಂದ 13: 36. ಸುತ್ತು 14ರಿಂದ 16: 30. ಸುತ್ತು 17: 24.

ಸುತ್ತು 18: ಕೈ ಸೇರಿಸುವ ಸುತ್ತು. ಕೈಯ 10 ಸ್ಟಿಚ್ 5 ಜೋಡಿ. ಕೈಗೆ 5, ಎದೆಗೆ 7, ಇನ್ನೊಂದು ಕೈಗೆ 5, ಬೆನ್ನಿಗೆ 7, ಕೂಡಿದರೆ 24.

ಸುತ್ತು 19: 24, ಇದೇ ಕತ್ತು. ಇಲ್ಲಿಗೆ ಮೈ ತುಂಬಬೇಕು. ಸುತ್ತು 20, 21, 22ರಲ್ಲಿ 30, 36, 42. ಸುತ್ತು 23ರಿಂದ 29ರವರೆಗೆ 42. ಸುತ್ತು 30ಕ್ಕೆ 36, 31ಕ್ಕೆ 30.

ಸುತ್ತು 32: 30ರಲ್ಲೇ, ಕಿವಿ ಸೇರಿಸುವ ಸುತ್ತು. ಕಿವಿಗೆ 6, ಹಣೆಗೆ 9, ಕಿವಿಗೆ 6, ಹಿಂದಲೆಗೆ 9. ಕಡಿಮೆ ಮಾಡುವ ಸುತ್ತಿನಲ್ಲೇ ಕಿವಿ ಸೇರಿಸಲು ಹೋದರೆ ಪದರಗಳ ನಡುವೆ ಡಿಕ್ರೀಸ್ ಸಿಕ್ಕಿ ಕಿವಿ ಮುದುಡುತ್ತದೆ. ಅದಕ್ಕೇ ಇದೊಂದು ಸುತ್ತು ಸಾದಾ.

ಆಮೇಲೆ 24, 18, 12, 6, ನೂಲೆಳೆದು ಮುಚ್ಚುವುದು. ಕಡಿಮೆ ಮಾಡುವಲ್ಲೆಲ್ಲ ಎರಡು ಸ್ಟಿಚ್‌ಗಳ ಮುಂದಿನ ಎಳೆಗಳನ್ನು ಮಾತ್ರ ಹಿಡಿಯಬೇಕು. ಎರಡೂ ಎಳೆ ಹಿಡಿದರೆ ಅಲ್ಲಲ್ಲಿ ಗಂಟಿನಂಥ ಉಬ್ಬು, ಪಕ್ಕದಲ್ಲಿ ತೂತು.

ಈ ರಚನೆಯಲ್ಲಿ ಒಂದು ಮೋಸವಿದೆ. ಬಲಗೈಯವರು ಸುರುಳಿಯಲ್ಲಿ ಹೆಣೆದಾಗ ಪ್ರತಿ ಸ್ಟಿಚ್ ಕೆಳಗಿನ ಸ್ಟಿಚ್‌ನ ಮೇಲೆ ನೇರ ಕೂರದೆ ತುಸು ಬಲಕ್ಕೆ ಸರಿಯುತ್ತದೆ. ಒಂದೆರಡು ಸುತ್ತಿನಲ್ಲಿ ತಿಳಿಯದು. ಕಾಲಿನಿಂದ ಕೈಗೆ 11 ಸುತ್ತು, ಕೈಯಿಂದ ಕಿವಿಗೆ 14 ಸುತ್ತು ಆದಾಗ ಮಾರ್ಕರ್ ಮೊದಲಿನ ಜಾಗದಿಂದ ಪಕ್ಕಕ್ಕೆ ಸರಿದಿರುತ್ತದೆ. ಪ್ಯಾಟರ್ನ್‌ನ ಎಣಿಕೆಯನ್ನೇ ನಂಬಿ ಮಾರ್ಕರಿನಿಂದ ಶುರು ಮಾಡಿದರೆ ಕಾಲು ಒಂದು ಕಡೆ, ಎದೆ ಇನ್ನೊಂದು ಕಡೆ ನೋಡುವ ಕರಡಿ ಹುಟ್ಟುತ್ತದೆ. ಪರಿಹಾರ ಸರಳ: ಎರಡು ಕಾಲಿನ ನಡುವಿನ ಮೂರು ಸ್ಟಿಚ್‌ಗಳ ಮಧ್ಯದಿಂದ ಬೇರೆ ಬಣ್ಣದ ನೂಲೊಂದನ್ನು ನೇರ ಮೇಲಕ್ಕೆ ಇಟ್ಟುಕೊಳ್ಳಿ. ಎದೆಯ 7 ಸ್ಟಿಚ್‌ಗಳ ನಾಲ್ಕನೆಯದು ಆ ನೂಲಿನ ಮೇಲೆ ಬರುವಂತೆ ಎಷ್ಟು ಬೇಕೋ ಅಷ್ಟು ಸ್ಟಿಚ್ ಮುಂದೆ ಹೋಗಿ ಸುತ್ತನ್ನು ಅಲ್ಲಿಂದ ಆರಂಭಿಸಿ. ಸರಿಯುವಿಕೆ ಕೈಯಿಂದ ಕೈಗೆ ಬೇರೆ. ಒಬ್ಬರದೇ ಕೈಯಲ್ಲಿ ಹೆಚ್ಚುಕಡಿಮೆ ಒಂದೇ. ಮೊದಲ ಕರಡಿಯಲ್ಲಿ ಎಷ್ಟು ಸ್ಟಿಚ್ ಮುಂದೆ ಹೋಗಬೇಕಾಯಿತೆಂದು ಬರೆದಿಟ್ಟರೆ ಉಳಿದ 29ಕ್ಕೂ ಅದೇ ಅಂಕಿ ನಡೆಯುತ್ತದೆ.

ಕೈಕಾಲುಗಳಿಗೆ ಮೂರನೇ ಎರಡು ಭಾಗ ಮಾತ್ರ ಫೈಬರ್. ಬಾಯಿಯವರೆಗೂ ತುಂಬಿದರೆ ಚಪ್ಪಟೆ ಒತ್ತಲು ಬಾರದು, ಕೈಗಳು ಪಕ್ಕಕ್ಕೆ ಚಾಚಿ ನಿಲ್ಲುತ್ತವೆ. ಕತ್ತಿಗೆ ಮಾತ್ರ ತದ್ವಿರುದ್ಧ. ತಲೆ ಜೋಲುವುದು ಕ್ರೋಶೆ ಗೊಂಬೆಗಳ ಬಗ್ಗೆ ಬರುವ ಮೊದಲ ದೂರು, ಅದಕ್ಕೆ ಕಾರಣ ಕತ್ತಿನಲ್ಲಿ ಫೈಬರ್ ಕಡಿಮೆ ಇರುವುದು. ಹಳೆಯ ಮಾದರಿಯಲ್ಲಿ 18 ಸ್ಟಿಚ್ ಇದ್ದ ಕತ್ತು ಇಲ್ಲಿ 24 ಆಗಿರುವುದರಿಂದ ಅರ್ಧ ಸಮಸ್ಯೆ ರಚನೆಯಲ್ಲೇ ಮುಗಿಯಿತು. ಉಳಿದದ್ದಕ್ಕೆ, ತಲೆ ಅರ್ಧ ಹೆಣೆದಾಗ ಮೈ ಮತ್ತು ತಲೆ ಎರಡಕ್ಕೂ ಚಾಚಿಕೊಂಡಿರುವಂತೆ ಒಂದೇ ದೊಡ್ಡ ಉಂಡೆ ಫೈಬರನ್ನು ಕತ್ತಿಗೆ ಒತ್ತಬೇಕು. ಚಿಕ್ಕ ಚಿಕ್ಕ ತುಣುಕು ತುರುಕಿದರೆ ಗಂಟುಗಂಟಾಗುತ್ತದೆ. ಕಡ್ಡಿ, ತಂತಿ ಇಡುವವರಿದ್ದಾರೆ. ಮಕ್ಕಳ ವಸ್ತುವಿನಲ್ಲಿ ಅದು ಸಲ್ಲದು. ದಿಂಬಿನ ಹತ್ತಿಯೂ ಬೇಡ, ಒಗೆದ ಮೇಲೆ ಉಂಡೆ ಕಟ್ಟುತ್ತದೆ, ಮಲೆನಾಡು-ಕರಾವಳಿಯ ಮಳೆಗಾಲದಲ್ಲಿ ಒಳಗಿನ ತೇವ ಆರುವುದಿಲ್ಲ.

ಹೊಸ ಕರಡಿಯ ಒಟ್ಟು ಸ್ಟಿಚ್ 2,026. ಅಂದರೆ 113 ನಿಮಿಷ. ಹೆಣಿಗೆಯಲ್ಲಿ ಉಳಿದದ್ದು ಮೂರೇ ನಿಮಿಷ. ಆದರೆ ಹೊಲಿಯಲು ಉಳಿದಿರುವುದು ಮೂತಿ ಒಂದೇ, 12 ನಿಮಿಷ. ಭಾಗ ಸೇರಿಸುವ ಸುತ್ತುಗಳಲ್ಲಿ ನಿಧಾನವಾಗುವುದಕ್ಕೆ 15, ತುಂಬಲು 20, ಮುಖಕ್ಕೆ 25, ತುದಿಗಳಿಗೆ 10, ಪ್ಯಾಕಿಂಗ್‌ಗೆ 10. ಒಟ್ಟು 205. ಕರಡಿಗೆ 51 ನಿಮಿಷ ಉಳಿತಾಯ, 30ಕ್ಕೆ ಇಪ್ಪತ್ತೈದೂವರೆ ಗಂಟೆ.

ಇಷ್ಟಾದರೂ 102 ಗಂಟೆ ದಾಟುತ್ತದೆ. ಕೈ, ಕಾಲು, ಕಿವಿಗಳ 856 ಸ್ಟಿಚ್ ಅಂದರೆ ಕರಡಿಗೆ ಸುಮಾರು 48 ನಿಮಿಷ, 30ಕ್ಕೆ 24 ಗಂಟೆ. ಅದನ್ನು ಪಕ್ಕದ ಮನೆಯವರಿಗೆ ಕೊಟ್ಟರೆ ಇವರ ಪಾಲಿಗೆ 79 ಗಂಟೆ. 81ರೊಳಗೆ ಬಂತು, ಆದರೆ ಒಂದು ದಿನ ಜ್ವರ ಬರಲೂ ಎಡೆಯಿಲ್ಲ. ಆದ್ದರಿಂದ ಗಿರಾಕಿಯ ಹತ್ತಿರ ಮೊದಲು ಚೌಕಾಸಿ ಮಾಡಬೇಕಾದದ್ದು ದಿನಗಳಿಗೆ. 21ರ ಬದಲು 28 ಸಿಕ್ಕರೆ ಉಸಿರಾಡಬಹುದು.

ಪಕ್ಕದ ಮನೆಯವರಿಗೆ ಕೊಡುವ ಕೂಲಿಯನ್ನೂ ನಿಮಿಷದ ಮೇಲೆಯೇ ಕಟ್ಟಬೇಕು. ಗಂಟೆಗೆ 70 ಎಂದರೆ ಆರು ತುಂಡಿನ ಒಂದು ಸೆಟ್‌ಗೆ 55 ರೂ. ತುಂಡಿಗಿಷ್ಟು ಎಂದು ಅಂದಾಜಿನಲ್ಲಿ ನಿಗದಿ ಮಾಡುವ ಪದ್ಧತಿ ಕ್ರೋಶೆಗೆ ಹೊಸದಲ್ಲ. ಆಂಧ್ರದ ಗೋದಾವರಿ ಸೀಮೆಯ ನರಸಾಪುರದಲ್ಲಿ 19ನೇ ಶತಮಾನದಲ್ಲಿ ಮಿಷನರಿಗಳು ಕಲಿಸಿದ ಕ್ರೋಶೆ ಲೇಸ್ ದೊಡ್ಡ ರಫ್ತು ಉದ್ಯಮವಾಗಿ ಬೆಳೆಯಿತು. ಹೆಣೆದವರು ಮನೆಯೊಳಗಿನ ಹೆಂಗಸರು. ಅವರದು ‘ಬಿಡುವಿನ ಕೆಲಸ’ ಎನಿಸಿಕೊಂಡದ್ದರಿಂದ ತುಂಡಿನ ಕೂಲಿ ತೀರ ಕೆಳಗೇ ಉಳಿಯಿತು. ಅದೇ ಲೆಕ್ಕ ಇವತ್ತು ಒಂದು ಬೀದಿಯೊಳಗೆ ಮರುಕಳಿಸಬಾರದಿದ್ದರೆ ಗಡಿಯಾರ ಮುಂದಿಟ್ಟುಕೊಂಡೇ ದರ ಹೇಳಬೇಕು.

ಕಣ್ಣು

ಒಂದು ವರ್ಷದ ಮಗುವಿನ ಹುಟ್ಟುಹಬ್ಬಕ್ಕೆ ಬರುವವರಲ್ಲಿ ಅದೇ ವಯಸ್ಸಿನ ಮಕ್ಕಳು ಹೆಚ್ಚು. ಈ ಆರ್ಡರಿನಲ್ಲಿ ಪ್ಲಾಸ್ಟಿಕ್ ಕಣ್ಣಿನ ಪ್ರಶ್ನೆಯೇ ಬರಬಾರದು. ‘ಸೇಫ್ಟಿ ಐ’ ಎಂಬ ಹೆಸರು ಅನೇಕರನ್ನು ದಾರಿ ತಪ್ಪಿಸಿದೆ. ಕಣ್ಣಿನ ಹಿಂಬದಿಯ ಕಡ್ಡಿಗೆ ಒಳಗಿನಿಂದ ವಾಷರ್ ಸಿಕ್ಕಿಸಿದರೆ ಅದು ಹಿಂದಕ್ಕೆ ಬಾರದು, ನಿಜ. ಆದರೆ ಹೆಣಿಗೆ ಹಿಗ್ಗುವ ಬಟ್ಟೆ, ಮಗು ಬೆರಳು ಹಾಕಿ ಎಳೆದರೆ ವಾಷರ್ ಸಮೇತ ಕಣ್ಣೇ ಸಂದಿಯಿಂದ ಹೊರಬರಬಹುದು. ಮೂರು ವರ್ಷದೊಳಗಿನವರ ಆಟಿಕೆಯಲ್ಲಿ ಕಳಚಿ ಬರುವ ಚಿಕ್ಕ ಭಾಗ ಇರಕೂಡದು. ಚಿಕ್ಕದು ಎಂದರೆ ಎಷ್ಟು ಎಂಬುದಕ್ಕೂ ಅಳತೆ ಇದೆ: 31.7 ಮಿ.ಮೀ. ವ್ಯಾಸದ ಪರೀಕ್ಷಾ ಕೊಳವೆಯೊಳಗೆ ಪೂರ್ತಿ ಇಳಿಯುವುದೆಲ್ಲ ಚಿಕ್ಕದು. 8 ಮಿ.ಮೀ. ಕಣ್ಣು ಅದರೊಳಗೆ ಹತ್ತಾರು ಹಿಡಿಸುತ್ತವೆ. ಮಣಿ, ಗುಂಡಿ, ಕತ್ತಿಗೆ ಕಟ್ಟುವ ಉದ್ದ ರಿಬ್ಬನ್ ಕೂಡ ಬೇಡ. ಬೋ ಬೇಕೇ ಬೇಕೆಂದರೆ ಹೆಣೆದು ಎದೆಗೆ ಗಟ್ಟಿಯಾಗಿ ಹೊಲಿಯಬಹುದು.

ಕಸೂತಿ ಕಣ್ಣಿಗೆ ಕಪ್ಪು ಎಂಬ್ರಾಯ್ಡರಿ ನೂಲು ಸಾಕು. ಜಾಗ: 26 ಮತ್ತು 27ನೇ ಸುತ್ತಿನ ನಡುವೆ, ಎರಡು ಕಣ್ಣುಗಳ ನಡುವೆ 8 ಸ್ಟಿಚ್. ಮೂತಿ 22ರಿಂದ 27ನೇ ಸುತ್ತಿನವರೆಗೆ ಕೂರುತ್ತದೆ. ಕಣ್ಣು ಒಂದು ಸುತ್ತು ಮೇಲಕ್ಕೆ ಹೋದರೆ ಕರಡಿಗೆ ವಯಸ್ಸಾದಂತೆ ಕಾಣುತ್ತದೆ, ಒಂದು ಸ್ಟಿಚ್ ಹತ್ತಿರ ಬಂದರೆ ಸಿಟ್ಟಾದಂತೆ. ಕಣ್ಣಳತೆಯಲ್ಲಿ ಮಾಡುವವರ 30 ಕರಡಿಗಳಿಗೆ 30 ಸ್ವಭಾವ ಬರುತ್ತದೆ. ಒಂಟಿ ಕರಡಿಗೆ ಅದು ಚಂದ, ಈ ಆರ್ಡರಿಗೆ ದೋಷ. ಮುಖದ ಕೆಲಸವನ್ನೆಲ್ಲ 32ನೇ ಸುತ್ತು ಮುಗಿದು ನೆತ್ತಿ ತೆರೆದಿರುವಾಗಲೇ ಮಾಡಬೇಕು. ನಾಲ್ಕೂಕಾಲು ಸೆಂ.ಮೀ. ಬಾಯಿಯಲ್ಲಿ ಎರಡು ಬೆರಳು ಇಳಿಯುತ್ತವೆ, ಗಂಟು ಒಳಗೇ ಉಳಿಯುತ್ತದೆ. ಮುಚ್ಚಿದ ಮೇಲೆ ಮಾಡಲು ಹೋದರೆ ಗಂಟು ಅಡಗಿಸುವುದಕ್ಕೇ ಹತ್ತು ನಿಮಿಷ.

ನೂಲು ಒಂದೇ ಸಲ

ಮೂವತ್ತಕ್ಕೆ 33 ಗ್ರಾಂನಂತೆ ಒಂದು ಕಿಲೋ. ಹಾಳಾಗುವುದಕ್ಕೂ ದುರಸ್ತಿಗೂ ಸೇರಿಸಿ 1,100 ಗ್ರಾಂ. ಎಲ್ಲವನ್ನೂ ಒಂದೇ ದಿನ, ಪಟ್ಟಿಯ ಮೇಲಿನ ಲಾಟ್ ನಂಬರ್ (ಒಂದೇ ಸಲ ಬಣ್ಣ ಹಾಕಿದ ನೂಲಿನ ಗುರುತು) ಒಂದೇ ಇರುವಂತೆ ನೋಡಿ ಕೊಳ್ಳಬೇಕು. ಬಣ್ಣದ ಸಂಖ್ಯೆ ಒಂದೇ ಇದ್ದರೂ ಲಾಟ್ ಬೇರೆಯಾದರೆ ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಕಾಣದ ವ್ಯತ್ಯಾಸ ಬಿಸಿಲಲ್ಲಿ ಕಾಣುತ್ತದೆ. ಲೂಧಿಯಾನದಿಂದ ಬರುವ ಅಕ್ರಿಲಿಕ್ ನೂಲುಗಳು ಅಗ್ಗ, ಬಣ್ಣ ಬಿಡುವುದಿಲ್ಲ; ಆದರೆ ಉಜ್ಜಿದಲ್ಲಿ ಗುಂಜು ಏಳುತ್ತದೆ. ಮಿಲ್ಕ್ ಕಾಟನ್ ಎಂಬ ನೂಲು ನುಣುಪು, ಸ್ಟಿಚ್ ಸ್ಪಷ್ಟ, ಆದರೆ ಎಳೆಗಳು ಬಿಡಿಬಿಡಿಯಾಗಿ ಹುಕ್‌ಗೆ ಸಿಕ್ಕಿ ಸೀಳುತ್ತವೆ. ನಿಮಿಷಕ್ಕೆ 18 ಇದ್ದದ್ದು 14ಕ್ಕೆ ಇಳಿದರೆ ಕರಡಿಗೆ ಅರ್ಧ ಗಂಟೆಗೂ ಹೆಚ್ಚು ಹೋಯಿತು.

ನೂಲಿನ ದಪ್ಪದ ಬಗ್ಗೆ ಒಂದು ಮಾತು. ತೆಳು ನೂಲು ಹಾಕಿ ಚಿಕ್ಕದು ಮಾಡಿಕೊಟ್ಟರೆ ಅಗ್ಗವಾಗುತ್ತದೆ ಎಂದು ತಿಳಿಯುವವರು ಬಹಳ. ಸ್ಟಿಚ್ ಸಂಖ್ಯೆ ಅಷ್ಟೇ ಇದ್ದರೆ ಸಮಯವೂ ಅಷ್ಟೇ, ಕಣ್ಣಿಗೆ ಶ್ರಮ ಮಾತ್ರ ಜಾಸ್ತಿ. ಗಿರಾಕಿ ದುಡ್ಡು ಕೊಡುವುದು ಸೆಂಟಿಮೀಟರಿಗೆ, ನಮಗೆ ಖರ್ಚಾಗುವುದು ಸ್ಟಿಚ್‌ಗೆ. ದಪ್ಪ ವೆಲ್ವೆಟ್ ನೂಲಿನಲ್ಲಿ 24-30 ಸ್ಟಿಚ್‌ನ ತಲೆಯೇ ಇದಕ್ಕಿಂತ ದೊಡ್ಡದಾಗುತ್ತದೆ. ಆದರೆ ಅದರಲ್ಲಿ ಸ್ಟಿಚ್ ಕಣ್ಣಿಗೆ ಕಾಣುವುದಿಲ್ಲ, ಬೆರಳಿನಿಂದ ತಡವಿ ಎಣಿಸಬೇಕು. ಎರಡು ಸಲ ಬಿಚ್ಚಿದರೆ ರೋಮ ಉದುರಿ ಒಳಗಿನ ದಾರ ಉಳಿಯುತ್ತದೆ. ಗಡುವಿನ ಆರ್ಡರಿನಲ್ಲಿ ಮೊದಲ ಬಾರಿಗೆ ಅದನ್ನು ಕೈಗೆತ್ತಿಕೊಳ್ಳುವುದು ಜಾಣತನವಲ್ಲ.

ಗಿರಾಕಿಗೆ ಹೋಗುವ ಉತ್ತರ

ಪ್ಲಾಸ್ಟಿಕ್ ಕಣ್ಣು ತೆಗೆದು ಎಂಬ್ರಾಯ್ಡರಿ ನೂಲಿಗೆ 3 ರೂ. ಹಾಕಿದರೆ ಸಾಮಗ್ರಿ 69. ಮೂರೂಕಾಲು ಗಂಟೆ ಮೀರಿದ 205 ನಿಮಿಷಕ್ಕೆ 70ರಂತೆ 239. ಕೂಡಿದರೆ 308. ಕೆಡುವುದಕ್ಕೆ 5% ಸೇರಿಸಿ 323. ಅದರ ಮೇಲೆ ಹುಕ್, ದೀಪ, ಓಡಾಟ, ಮಾದರಿ ಕರಡಿಯ ಶ್ರಮ, ಲಾಭ ಎಲ್ಲಕ್ಕೂ ಶೇಕಡ 18ರಷ್ಟು ಹಿಡಿದರೆ 380 ರೂಪಾಯಿ. ಇದು ಗಿರಾಕಿ ಮನೆಗೆ ಬಂದು ಒಯ್ಯುವ ಬೆಲೆ, ಕೊರಿಯರ್ ಬೇರೆ.

ಅವರು ಕೇಳಿದ್ದು 250. ಅದೇ ಕರಡಿಯನ್ನು 300ಕ್ಕೆ ಇಳಿಸುವುದಕ್ಕಿಂತ ಬೇರೆ ಕರಡಿ ತೋರಿಸುವುದು ವಾಸಿ. ತಲೆ 30, ಮೈ 24 ಸ್ಟಿಚ್‌ಗೆ ನಿಲ್ಲಿಸಿದ, ಕೂತಾಗ 10 ಸೆಂ.ಮೀ. ಎತ್ತರದ ಚಿಕ್ಕ ಕರಡಿಗೆ ಸುಮಾರು 900 ಸ್ಟಿಚ್. ಎಲ್ಲ ಕೆಲಸ ಸೇರಿ 100 ನಿಮಿಷ, ಸಾಮಗ್ರಿ 50 ರೂ., ಅದೇ ಲೆಕ್ಕದಲ್ಲಿ ಬೆಲೆ 210. ಮೂವತ್ತಕ್ಕೆ 50 ಗಂಟೆ; ಒಬ್ಬರೇ ಮುಗಿಸಬಹುದು, ಗಂಟೆಯ ಕೂಲಿಯೂ ಕಡಿಮೆಯಾಗುವುದಿಲ್ಲ. ಮುಂದೆ ಹುಟ್ಟುಹಬ್ಬದ ಆರ್ಡರುಗಳಿಗೆ ಇದನ್ನೇ ಮೊದಲು ತೋರಿಸುವುದು ಸರಿ ಎಂದು ಈ ಲೆಕ್ಕ ಹೇಳುತ್ತದೆ.

ಎತ್ತರ ಹೇಳುವಾಗ ಹುಷಾರಾಗಿರಬೇಕು. ಹಳೆಯ ಮಾದರಿ ಕಾಲು ಚಾಚಿ ನಿಂತಾಗ 18 ಸೆಂ.ಮೀ. ಇತ್ತು, ಹೊಸದು ಕೂತ ಕರಡಿ, ಎತ್ತರ 14. ಫೋಟೊದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದ ಚಿತ್ರ ಕಳಿಸಿ, ಒಪ್ಪಿಗೆ ಬರಹದಲ್ಲಿ ಪಡೆದರೆ ಮುಂದಿನ ಜಗಳ ತಪ್ಪುತ್ತದೆ. ಮುಂಗಡ ಅರ್ಧ: 11,400ರಲ್ಲಿ 5,700. ಸಾಮಗ್ರಿಗೆ 2,070, ಪಕ್ಕದ ಮನೆಯ ಕೂಲಿ 1,650, ಎರಡೂ ಅದರಲ್ಲಿ ಮುಗಿಯುತ್ತವೆ. ಮುಂಗಡ ಬರದೆ ನೂಲು ಕೊಂಡವರ ಕಪಾಟಿನಲ್ಲಿ ಕಿಲೋಗಟ್ಟಲೆ ತಿಳಿಗುಲಾಬಿ ನೂಲು ಉಳಿದಿರುತ್ತದೆ.

ಕಾನೂನಿನ ಮಾತು

ಮನೆಯಲ್ಲಿ ಹೆಣೆಯುವವರಲ್ಲಿ ಹೆಚ್ಚಿನವರು ಇದನ್ನು ಕೇಳಿಯೇ ಇಲ್ಲ. 2020ರ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದೆ. 14 ವರ್ಷದೊಳಗಿನ ಮಕ್ಕಳ ಆಟಕ್ಕೆಂದು ಮಾಡಿದ ವಸ್ತುವಿಗೆ ಐಎಸ್‌ಐ ಗುರುತು ಬೇಕು. ಆಟಿಕೆಗಳ ಸುರಕ್ಷತೆಯ ಮಾನದಂಡ ಐಎಸ್ 9873. ಪರೀಕ್ಷಾ ಸೌಲಭ್ಯ ಇಟ್ಟುಕೊಂಡು ಲೈಸೆನ್ಸ್ ಪಡೆಯುವುದು ಒಬ್ಬರೇ ಹೆಣೆಯುವ ಮನೆಗೆ ಆಗದ ಮಾತು. ಆದರೆ ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತ ಕುಶಲಕರ್ಮಿಗಳು ತಯಾರಿಸಿ ಮಾರುವ ಆಟಿಕೆಗೆ, ಮತ್ತು ಚನ್ನಪಟ್ಟಣದ ಗೊಂಬೆಯಂಥ ಭೌಗೋಳಿಕ ಸೂಚ್ಯಂಕ ಪಡೆದ ಉತ್ಪನ್ನಗಳ ಅಧಿಕೃತ ಬಳಕೆದಾರರಿಗೆ ವಿನಾಯಿತಿ ಇದೆ. ಹಾಗಾಗಿ ಮಾರಾಟಕ್ಕೆ ಇಳಿಯುವ ಮೊದಲು ಆ ಇಲಾಖೆಯ ‘ಪೆಹಚಾನ್’ ಗುರುತಿನ ಚೀಟಿಗೆ ಅರ್ಜಿ ಹಾಕುವುದು ಮೊದಲ ಕೆಲಸ.

‘ಇದು ಅಲಂಕಾರಕ್ಕೆ, ಆಟಿಕೆಯಲ್ಲ’ ಎಂದು ಚೀಟಿ ಅಂಟಿಸಿ ಪಾರಾಗಬಹುದೆಂಬ ನಂಬಿಕೆ ಹರಡಿದೆ. ಆದೇಶದ ವ್ಯಾಖ್ಯೆಯಲ್ಲಿ ‘ಆಟಕ್ಕೆ ಮಾತ್ರವೇ ಆಗಿರಲಿ, ಇಲ್ಲದಿರಲಿ’ ಎಂಬ ಅರ್ಥ ಸ್ಪಷ್ಟವಾಗಿದೆ. ಒಂದು ವರ್ಷದ ಮಗುವಿನ ಹುಟ್ಟುಹಬ್ಬಕ್ಕೆ ಕೊಟ್ಟ ಕರಡಿಯನ್ನು ಯಾರೂ ಷೋಕೇಸಿನ ವಸ್ತು ಎಂದು ಒಪ್ಪುವುದಿಲ್ಲ. ಚೀಟಿ ಬೇಕಾದದ್ದು ಬೇರೆ ಕಾರಣಕ್ಕೆ: ಒಳಗೆ ಪಾಲಿಯೆಸ್ಟರ್ ಫೈಬರ್, ಹೊರಗೆ ಅಕ್ರಿಲಿಕ್, ತಣ್ಣೀರಿನಲ್ಲಿ ಕೈಯಲ್ಲಿ ಒಗೆಯಿರಿ, ಹಿಂಡದೆ ಟವೆಲಿನಲ್ಲಿ ಒತ್ತಿ, ನೆರಳಲ್ಲಿ ಮಲಗಿಸಿ ಒಣಗಿಸಿ, ಇಸ್ತ್ರಿ ತಾಗಿಸಬೇಡಿ. ಅಕ್ರಿಲಿಕ್ ಬಿಸಿಗೆ ಕರಗಿ ಚಪ್ಪಟೆಯಾಗುತ್ತದೆ, ಮತ್ತೆ ಏಳುವುದಿಲ್ಲ.

ಒಪ್ಪಿಸುವ ಮುನ್ನ ಪ್ರತಿ ಕರಡಿಗೆ ಎರಡು ನಿಮಿಷದ ಪರೀಕ್ಷೆ: ಕೈ, ಕಾಲು, ಕಿವಿ ಒಂದೊಂದನ್ನೂ ಹಿಡಿದು ಬಲವಾಗಿ ಎಳೆಯುವುದು, ಕಿವಿಯಿಂದ ತೂಗಾಡಿಸುವುದು, ಮೂತಿಯ ಅಂಚಿಗೆ ಉಗುರು ಹಾಕಿ ನೋಡುವುದು, ಒಳಗೆ ಪಿನ್ ಉಳಿದಿಲ್ಲವೆಂದು ಇಡೀ ಮೈಯನ್ನು ಹಿಸುಕುವುದು, ಮೇಲೊಮ್ಮೆ ಆಯಸ್ಕಾಂತ ಆಡಿಸುವುದು. ತಂದ ಪಿನ್‌ಗಳನ್ನು ಬೆಳಿಗ್ಗೆ ಎಣಿಸಿ, ರಾತ್ರಿ ಎಣಿಸಿ ಡಬ್ಬಿಗೆ ಹಾಕಿದರೆ ಆಯಸ್ಕಾಂತಕ್ಕೆ ಕೆಲಸವೇ ಇರುವುದಿಲ್ಲ. ತಯಾರಾದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಡದೆ ಹತ್ತಿ ಬಟ್ಟೆ ಹೊದಿಸಿ ಇಡಬೇಕು. ಒಪ್ಪಿಸುವುದು 30, ಹೆಣೆಯಬೇಕಾದದ್ದು 31. ಹೆಚ್ಚಿನ ಒಂದು ಕಡೇ ಗಳಿಗೆಯಲ್ಲಿ ಯಾವುದಾದರೂ ಕೆಟ್ಟರೆ ಬದಲಿಗೆ. ಕೆಡದಿದ್ದರೆ ಲಾಟ್ ನಂಬರಿನ ಪಟ್ಟಿ ಮತ್ತು ಉಳಿದ ನೂಲಿನ ಜೊತೆ ಮಾದರಿಯಾಗಿ ಮನೆಯಲ್ಲೇ ಇರಲಿ, ಎರಡು ತಿಂಗಳ ನಂತರ ‘ಅದೇ ಥರದ್ದು ಇನ್ನೂ ಹತ್ತು ಬೇಕು’ ಎಂಬ ಫೋನ್ ಬಂದಾಗ ಬೇಕಾಗುತ್ತದೆ.